ಒಂಬತ್ತು ನುಂಗಿದ ಕಾವಲುಗಾರ

ಕಂಪ್ಯೂಟರ್ ರಿಪೇರಿಯವನು ನಿವೃತ್ತನಾದರೆ ಯಾರೂ ಹಾರ ಹಾಕುವುದಿಲ್ಲ. ಹೋದ ವರ್ಷ ನನ್ನ ಕಣ್ಣು, ಸೊಂಟ ಎರಡೂ ಒಟ್ಟಿಗೆ ರಾಜೀನಾಮೆ ಕೊಟ್ಟವು. ಅವು ಹೋದಮೇಲೆ ನಾನೊಬ್ಬನೇ ಅಂಗಡಿಯಲ್ಲಿ ಕೂತು ಮಾಡುವುದೇನು ಎಂದು ನಾನೂ ಎದ್ದು ಬಂದೆ. ಸ್ಕ್ರೂಡ್ರೈವರ್‌ಗಳನ್ನು ಮನೆಗೆ ತಂದು, ತುಕ್ಕು ಹಿಡಿಯಬಾರದೆಂದು ತೆಂಗಿನೆಣ್ಣೆ ಸವರಿ ಇಟ್ಟಿದ್ದೇನೆ. ಯಾಕೆ ಎಂದು ಹೆಂಡತಿ ಕೇಳಿದಳು. ಬೇಕಾಗಬಹುದು ಎಂದೆ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ಬಸ್ ಸ್ಟಾಪಿನಿಂದ ತಿರುಗಿ ಬಂದು ನಾಲ್ಕನೇ ಸಲ ಎಳೆಯುವ ಜಾತಿ ನನ್ನದು. ಇಷ್ಟು ಚಿಂತೆ ಮಾಡುವವನು ಒಂದೇ ಒಂದು ಕಡೆ ಚಿಂತೆ ಮಾಡದೆ ಬಿಟ್ಟೆ. ಆ ಕಥೆ ಇದು.

ಬರೆಯಲು ಕಾರಣ ನನ್ನ ತಂಗಿಯ ಮಗಳು. ಈಚೆಗೆ ಕೆಲಸಕ್ಕೆ ಸೇರಿದ್ದಾಳೆ. ಏನು ಕೆಲಸವಮ್ಮ ಎಂದು ಕೇಳಿದೆ. "ಜನ ನೋಡೋ ವೆಬ್ ಪೇಜಲ್ಲಿ ಡೇಂಜರ್ ಆಗಿರೋದು, ಅಸಿಂಗವಾಗಿರೋದು, ಗಲೀಜು ಇದ್ರೆ ಅವರಿಗೆ ತಿಳಿಯದೇನೇ ತೆಗೆದುಬಿಡೋದು ಮಾಮಾ. ಇತ್ತು ಅನ್ನೋದೇ ಗೊತ್ತಾಗಲ್ಲ. ಅಷ್ಟು ಸ್ಮೂತು" ಎಂದಳು. ನಾನು ಕಾಫಿ ಲೋಟ ಕೆಳಗಿಟ್ಟೆ. ಏನಾಯ್ತು ಮಾಮಾ, ಸಕ್ಕರೆ ಕಮ್ಮಿನಾ ಎಂದು ಕೇಳಿದಳು. ಆಗ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ಬೇರೆ ಮಾತು. ನಮ್ಮ ಸೇಲಂ ಕಡೆಯ ಕನ್ನಡ ಬಾಯಲ್ಲಿ ಹುಟ್ಟಿ ಬಾಯಲ್ಲೇ ಮುಗಿಯುತ್ತದೆ. ಅಮ್ಮ ಅಡುಗೆಮನೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ತಿದ್ದಿಸಿದ್ದರಿಂದ ನನಗೆ ನಾಲ್ಕು ಅಕ್ಷರ ಬಂತು. ಅವಳಿಗೆ ಯಾರಾದರೂ ಓದಿ ಹೇಳಲಿ. ಓದುವವರು ಪೂರಾ ಓದಲಿ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಪ್ಯೂಟರ್ ಎಂದರೆ ಊರಿಗೊಂದು, ಅದೂ ಸರಿಯಾಗಿ ನಡೆಯದ್ದು. ಸೇಲಂನ ನಮ್ಮ ಅಂಗಡಿಯಿಂದ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದರೆ ಓಮಲೂರು, ಧರ್ಮಪುರಿ, ಒಮ್ಮೊಮ್ಮೆ ಪೆನ್ನಾಗರಂ. ಚೀಲದಲ್ಲಿ ಅರ್ಧ ಸಾಮಾನು, ಅರ್ಧ ಭಯ. ಪೆನ್ನಾಗರಂನ ಒಂದು ಆಫೀಸಿನಿಂದ ಮಿಶಿನ್ನು ಸತ್ತಿದೆ ಎಂದು ಫೋನು ಬಂತು. ದಾರಿಯುದ್ದಕ್ಕೂ ಏನೇನೋ ಊಹಿಸಿಕೊಂಡು, ಬಸ್ಸಿನಲ್ಲೇ ಎರಡು ಸಲ ಬೆವತು ಹೋದರೆ, ಕಂಪ್ಯೂಟರಿಗೆ ಮದುವೆ ಹೆಣ್ಣಿನ ಹಾಗೆ ಜರಿಯಂಚಿನ ಬಟ್ಟೆ ಹೊದಿಸಿ ಮೂಲೆಯಲ್ಲಿ ಕೂರಿಸಿದ್ದರು. ತಮಿಳಿನಲ್ಲಿ ಏನಾಯ್ತೆಂದು ಕೇಳಿದೆ. ಬಾಗಿಲ ಬಳಿ ನಿಂತಿದ್ದ ಪ್ಯೂನು ನನ್ನ ತಮಿಳಿನ ಎಳೆತ ಕೇಳಿ ಹತ್ತಿರ ಬಂದ.

"ನೀವು ನಮ್ಮೋರಾ? ಕನ್ನಡ್ದೋರಲಾ?"

"ಹೌದಪ್ಪ."

"ಅಂಗಾರೆ ನಿಜ ಏಳ್ತೀನಿ. ಸತ್ತೂ ಇಲ್ಲ, ಗಿತ್ತೂ ಇಲ್ಲ. ಆಕಿದ್ರೆ ಕೂಗ್ಕೊಂತೈತೆ. ಆಫೀಸರಿಗೆ ತಲೆನೋವು. ಅದ್ಕೇ ಮುಚ್ಚಾಕಿ ಸತ್ತೋಯ್ತು ಅಂತ ಬರ್ದವ್ರೆ."

ಬಟ್ಟೆ ತೆಗೆದು ಸ್ವಿಚ್ಚು ಹಾಕಿ ನೋಡಿದೆ. ಕೀಬೋರ್ಡಿನ ಮೇಲೆ ಒಂದು ದಪ್ಪ ಫೈಲು ಇಟ್ಟಿದ್ದರು. ಕೀಲಿಗಳು ಒತ್ತಿಕೊಂಡು ಮಿಶಿನ್ನು ಬೀಪ್ ಬೀಪ್ ಎಂದು ಬಡಿದುಕೊಳ್ಳುತ್ತಿತ್ತು. ಫೈಲು ಎತ್ತಿದೆ. ಕೂಗು ನಿಂತಿತು. ಪ್ಯೂನು ಕೈಮುಗಿದ. ನನಗೋ ನಾಚಿಕೆ, ಏನಾದರೂ ಕಷ್ಟಪಟ್ಟ ಹಾಗೆ ಕಾಣಲಿ ಎಂದು ಸುಮ್ಮನೆ ನಾಲ್ಕು ಸ್ಕ್ರೂ ಬಿಚ್ಚಿ ಮತ್ತೆ ಹಾಕಿದೆ. ಒಂದು ಮಿಕ್ಕಿತು. ಅದನ್ನು ಜೇಬಿಗೆ ಹಾಕಿಕೊಂಡು ವಾಪಸು ಬರುವಾಗ ಮತ್ತೆ ಬೆವತೆ.

ಆ ಕಾಲದ ಮಿಶಿನ್ನುಗಳಲ್ಲಿ ಒಂದು ಒಳ್ಳೆಯತನವಿತ್ತು ಎಂದು ಈಗ ಅನ್ನಿಸುತ್ತದೆ. ನೋವಾದರೆ ಕೂಗುತ್ತಿದ್ದವು. ಪರದೆ ನೀಲಿಯಾಗುತ್ತಿತ್ತು, ಡಿಸ್ಕು ಗರಗರ ಎನ್ನುತ್ತಿತ್ತು, ಏನೋ ಒಂದು ಇಂಗ್ಲಿಷಿನಲ್ಲಿ ಬೈಯುತ್ತಿತ್ತು. ಕೆಟ್ಟಿದ್ದೇನೆ ಎಂದು ಹೇಳಿ ಕೆಡುತ್ತಿದ್ದವು. ಹೇಳದೆ ಕೆಡುವ ಮಿಶಿನ್ನನ್ನು ನಾನು ನೋಡಿದ್ದು ತೊಂಬತ್ತೊಂಬತ್ತರಲ್ಲಿ.

ನಮ್ಮ ಮುದಲಾಳಿ, ಅಂದರೆ ಯಜಮಾನರು, ಕುಮಾರಸಾಮಿ ಎಂದು. ತಮಿಳರು, ದೈವಭಕ್ತರು, ಹಣೆ ತುಂಬ ವಿಭೂತಿ. ಅಂಗಡಿಯ ಮಾಳಿಗೆಯಲ್ಲಿ ಅವರು ಒಂದು ಬ್ರೌಸಿಂಗ್ ಸೆಂಟರ್ ತೆರೆದರು. ಪ್ಲೈವುಡ್ ಗೋಡೆಗಳ ಗೂಡು, ಗೂಡಿಗೊಂದು ಕಂಪ್ಯೂಟರು. ಅದನ್ನು ನೋಡಿಕೊಳ್ಳಲು ಸೆಲ್ವಿ ಎಂಬ ಹೆಣ್ಣುಮಗಳು. ಕಾಲೇಜು ಮುಗಿಸಿದವಳು, ಬಾಯಿ ಜೋರು, ತಲೆ ಇನ್ನೂ ಜೋರು. ರಿಪೇರಿ ಬಂದರೆ ನಾನು ಮೆಟ್ಟಿಲು ಹತ್ತಬೇಕು.

ಗೂಡುಗಳಲ್ಲಿ ಕಾಲೇಜು ಹುಡುಗರು ಏನೇನು ನೋಡುತ್ತಾರೆ ಎಂದು ಊರಲ್ಲಿ ಮಾತು ಶುರುವಾಯಿತು. ಮುದಲಾಳಿ ಕಂಗಾಲಾದರು. ಎಲ್ಲಿಂದಲೋ ಒಂದು ಸೀಡಿ ತಂದರು. ಕಾವಲು ಸಾಫ್ಟ್‌ವೇರ್. ವೈರಸ್ಸನ್ನೂ ತಡೆಯುತ್ತದೆ, ಪುಟಗಳನ್ನೂ ತೊಳೆಯುತ್ತದೆ. ಅದರೊಳಗೆ ಮೂರು ದಾರಿ ಇದ್ದವು: ಕೆಟ್ಟ ಪದ ಕಂಡರೆ ಇಡೀ ಪುಟ ಮುಚ್ಚುವುದು, ಆ ಪದದ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕುವುದು, ಇಲ್ಲವೇ ಪದವನ್ನು ಸದ್ದಿಲ್ಲದೆ ಕಿತ್ತು, ಅಕ್ಕಪಕ್ಕದ ಅಕ್ಷರಗಳನ್ನು ಎಳೆದು ಸೇರಿಸಿಬಿಡುವುದು.

"ನಕ್ಷತ್ರ ಹಾಕೋಣ ಸಾರ್" ಎಂದೆ.

"ನಕ್ಷತ್ರ ಇಟ್ಟರೆ ಅಲ್ಲಿ ಏನಿತ್ತು ಎಂದು ಹುಡುಗರು ಯೋಚನೆ ಮಾಡುತ್ತಾರಪ್ಪ ರಾಘವಾ" ಎಂದರು ಮುದಲಾಳಿ ತಮಿಳಿನಲ್ಲಿ. "ಯೋಚನೆ ಮಾಡಿದರೆ ಅದು ಇನ್ನೂ ಅಸಿಂಗ. ಸತ್ತಮಿಲ್ಲಾಮ ಎಡುತ್ತಿಡು." ಸದ್ದಿಲ್ಲದೆ ತೆಗೆದುಬಿಡು.

ಅವರ ಮಾತಿನಲ್ಲೂ ಒಂದು ನ್ಯಾಯ ಇತ್ತೆಂದು ನನಗೆ ಅನ್ನಿಸಿತು. ಯಜಮಾನರ ಮಾತಿನಲ್ಲಿ ನ್ಯಾಯ ಕಾಣುವುದು ನನಗೆ ಸಲೀಸು. ಮೂರನೆಯದನ್ನು ಒತ್ತಿದೆ.

ಮೊದಲ ವಾರ ಬರೀ ನಗು. ಸಾಫ್ಟ್‌ವೇರಿನೊಳಗೆ ಇಂಗ್ಲಿಷಿನ ಕೆಟ್ಟ ಪದಗಳನ್ನು ಆಗಲೇ ತುಂಬಿದ್ದರು. ಅದಕ್ಕೆ ಪದದ ಎಲ್ಲೆ ಗೊತ್ತಿಲ್ಲ. ದೊಡ್ಡ ಪದದ ಹೊಟ್ಟೆಯೊಳಗೆ ಆ ಅಕ್ಷರಗಳು ಸಾಲಾಗಿ ಸಿಕ್ಕರೂ ಕಿತ್ತುಬಿಡುತ್ತಿತ್ತು. "ರಾಘವನ್ ಸಾರ್, ಇಂಗ ವಾಂಗ!" ಎಂದು ಸೆಲ್ವಿ ಕೂಗಿದಳು. ಓಡಿದೆ. "ಊರಲ್ಲಿರೋ ಧನಲಕ್ಷ್ಮಿಗಳೆಲ್ಲಾ ಧಕ್ಷ್ಮಿ ಆಗಿಬಿಟ್ಟಿದ್ದಾರೆ ನೋಡಿ!" ನಿಜ. ಧನಲಕ್ಷ್ಮಿ ಎಂದು ಇಂಗ್ಲಿಷಿನಲ್ಲಿ ಬರೆದರೆ ನಡುವೆ ಡಾಕ್ಟರರು ಬಳಸುವ ಒಂದು ಪದ ಅಡಗಿ ಕೂತಿರುತ್ತದೆ ಎಂದು ಹುಟ್ಟಿದಾರಭ್ಯ ಯಾರು ಗಮನಿಸಿದ್ದರು? ಪರೀಕ್ಷೆಯ ಫಲಿತಾಂಶ ಬಂದಾಗ ಇನ್ನೂ ಮಜಾ. ಪಾಸಾದವರ ಎದುರು 'ಪಿ' ಎಂಬ ಅಕ್ಷರ ಮಾತ್ರ ಉಳಿದು, ಫೇಲಾದವರ ಫೇಲು ಮಾತ್ರ ನೆಟ್ಟಗೆ ನಿಂತಿತ್ತು. ಒಬ್ಬ ತಂದೆ ಮಗನ ಕಿವಿ ಹಿಡಿದುಕೊಂಡೇ ಬಂದು "ಪಿ ಅಂದರೆ ಏನು ಸಾರ್?" ಎಂದು ಕೇಳಿದರು.

ಇವನ್ನೆಲ್ಲ ಸರಿ ಮಾಡಿದೆ. ಸರಿ ಮಾಡಲು ಆದದ್ದು ಯಾಕೆ? ತಪ್ಪು ಕಾಣುತ್ತಿತ್ತು, ಅದಕ್ಕೆ. ಧಕ್ಷ್ಮಿ ಎಂಬ ಹೆಸರು ಲೋಕದಲ್ಲಿಲ್ಲ. ಕಂಡ ಕೂಡಲೇ ಯಾರಾದರೂ ನಗುತ್ತಾರೆ. ಕಿತ್ತ ಮೇಲೂ ನೆಟ್ಟಗಿರುವ ಪದ ಉಳಿದರೆ ಏನು ಗತಿ ಎಂಬ ಪ್ರಶ್ನೆ, ಬೀಗವನ್ನು ನಾಲ್ಕು ಸಲ ಎಳೆಯುವವನ ತಲೆಗೆ ಬರಲಿಲ್ಲ.

ಆಮೇಲೆ ಹುಡುಗರು ಚಾಟಿಂಗಿನಲ್ಲಿ ಇಂಗ್ಲಿಷ್ ಅಕ್ಷರ ಬಳಸಿ ತಮಿಳಿನಲ್ಲಿ ಬೈದಾಡತೊಡಗಿದರು. ಸಾಫ್ಟ್‌ವೇರಿಗೆ ತಮಿಳು ಬಾರದು. ನಾವೇ ಪದ ಸೇರಿಸಲು ಒಂದು ಕಿಟಕಿ ಇತ್ತು. ಮುದಲಾಳಿ ನನ್ನ ಪಕ್ಕ ಕೂತು, ಕಣ್ಣು ಮುಚ್ಚಿ, ಮಂತ್ರದ ಹಾಗೆ ಮೆಲ್ಲಗೆ ಬೈಗುಳ ಹೇಳುತ್ತಾ ಹೋದರು. ನಾನು ಒಂದೊಂದೇ ಟೈಪು ಮಾಡಿದೆ. ಗೋಡೆಯಾಚೆಯಿಂದ ಸೆಲ್ವಿ "ಅದಕ್ಕೆ ಎರಡು ಟಿ ಬರುತ್ತೆ ಸಾರ್" ಎಂದು ತಿದ್ದಿದಳು. ಮುದಲಾಳಿಗೆ ಕಣ್ಣು ತೆರೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಕೊನೆಗೆ "ಒಂಬದು" ಎಂದರು. ಒಂಬತ್ತು. ನಮ್ಮ ಕಡೆಯ ಪೋಲಿ ಹುಡುಗರು ಮಂಗಳಮುಖಿಯರನ್ನು ಹಂಗಿಸಲು, ಜಗಳದಲ್ಲಿ ಒಬ್ಬರನ್ನೊಬ್ಬರು ಕೆಣಕಲು ಬಳಸುವ ಮಾತು ಅದು. ಅಂಕಿಯನ್ನೇ ಬೈಗುಳ ಮಾಡಿಕೊಂಡಿದ್ದರು. ಹುಡುಗರು ಅದನ್ನು ಹೇಗೆ ಹೇಗೋ ಬರೆಯುತ್ತಾರೆ, ಕೊನೆಯಲ್ಲಿ ಉ ಇರಬಹುದು, ಎ ಇರಬಹುದು, ಏನೂ ಇಲ್ಲದೆಯೂ ಇರಬಹುದು ಎಂದು ನನಗೆ ಚಿಂತೆ ಹತ್ತಿತು. ಅದರ 'ದ'ವನ್ನು ಎಲ್ಲರೂ ಇಂಗ್ಲಿಷಿನಲ್ಲಿ ಟಿ ಎಚ್ ಎಂದೇ ಬರೆಯುವುದರಿಂದ, ಒಂದು ರೂಪವೂ ತಪ್ಪಿಸಿಕೊಳ್ಳಬಾರದು ಎಂದು ಪದದ ಬಾಲ ಕತ್ತರಿಸಿ 'ಒಂಬತ್' ಎಂದಷ್ಟೇ ಹಾಕಿದೆ. ಆಹಾ, ಎಂಥ ಮುಂದಾಲೋಚನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮನೆಯಲ್ಲಿ ನಾನು ಕನ್ನಡದಲ್ಲಿ ಎಣಿಸುವವನು. ಅಂಗಡಿಯಲ್ಲಿ ತಮಿಳಿನಲ್ಲಿ ಬೈಸಿಕೊಳ್ಳುವವನು. ಎರಡು ತಲೆಗಳೂ ಒಂದೇ ಕುತ್ತಿಗೆಯ ಮೇಲಿದ್ದರೂ ಆ ದಿನ ಒಂದನ್ನೊಂದು ಮಾತಾಡಿಸಲಿಲ್ಲ. ಅದೂ ಎಂಥ ಇಸವಿಯಲ್ಲಿ! ತೊಂಬತ್ತೊಂಬತ್ತು. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನಮ್ಮ ಕಾವಲುಗಾರನ ಮುಂದೆ ಇಟ್ಟಿದ್ದರೆ ಮೊದಲಿನ 'ತ', ಕೊನೆಯ 'ಉ' ಬಿಟ್ಟು ಏನೂ ಉಳಿಯುತ್ತಿರಲಿಲ್ಲ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ದಿನಾಂಕ ಮರೆಯುತ್ತವೆ ಎಂದು ಲೋಕವೇ ಹೆದರಿದ್ದ ವರ್ಷ ಅದು. ನಾನೂ ಬರಲಿರುವ ಸೊನ್ನೆಗಳಿಗೆ ಹೆದರಿಕೊಂಡು, ಕೈಯಲ್ಲಿದ್ದ ಒಂಬತ್ತನ್ನು ಕಳೆದೆ.

ಆ ದಿನಗಳಲ್ಲೇ ಸೌಂಡಪ್ಪನವರು ಮೆಟ್ಟಿಲು ಹತ್ತಿ ಬಂದದ್ದು. ನಮ್ಮ ಕನ್ನಡದವರೇ, ಕೈಮಗ್ಗದ ನೇಯ್ಗೆಯವರು. ಚೌಡೇಶ್ವರಿಯ ಹೆಸರಿನಿಂದ ಬಂದ ಚೌಡಪ್ಪ ತಮಿಳರ ಬಾಯಲ್ಲಿ ಸೌಂಡಪ್ಪ ಆಗಿತ್ತು, ಹೆಸರಿಗೆ ತಕ್ಕ ಸೌಂಡೂ ಇತ್ತು. ಮಗ್ಗದ ಸದ್ದಿನಲ್ಲೇ ವಯಸ್ಸು ಕಳೆದು ಕಿವಿ ಮಂದವಾಗಿತ್ತು; ತಮಗೆ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದರು. ಮಗಳು ಧನಲಕ್ಷ್ಮಿ, ಮನೆಯಲ್ಲಿ ಧನ, ಸೆಲ್ವಿಯ ಕಾಲೇಜು ಗೆಳತಿ. ಒಬ್ಬ ಮಲಯಾಳಿಯನ್ನು ಮದುವೆಯಾಗಿ ಪುಣೆಗೆ ಹೋಗಿದ್ದಳು. ಸೌಂಡಪ್ಪನವರ ಅಣ್ಣ, ಮನೆಯ ಯಜಮಾನ, ಅವಳ ಹೆಸರು ಈ ಮನೆಯಲ್ಲಿ ಎತ್ತಕೂಡದು ಎಂದು ಹೇಳಿದ್ದ. ಕಾಗದ ಬಂದರೆ ಅಣ್ಣನ ಕೈಗೇ ಬರುವುದು. ಫೋನು ಅಣ್ಣನ ಕಡೆಯವರ ಮನೆಯಲ್ಲೇ ಇದ್ದದ್ದು. ಹೀಗಾಗಿ ಸೆಲ್ವಿ ಅವರಿಗೆ ಒಂದು ಇಮೇಲ್ ವಿಳಾಸ ಮಾಡಿಕೊಟ್ಟಿದ್ದಳು.

"ಯಾರ್ಗೂ ಗೊತ್ತಾಗ್ಬಾರ್ದು ತಂಬಿ! ಗುಟ್ಟು ಅಂದ್ರೆ ಗುಟ್ಟು!" ಎಂದು ಸೌಂಡಪ್ಪನವರು ನನಗೆ ಹೇಳಿದ್ದು ಕೆಳಗಿನ ರಸ್ತೆಯ ಹೂವಿನವಳಿಗೂ ಕೇಳಿಸಿರಬೇಕು.

"ಅಪ್ಪಾ, ಮೆದುವಾ, ಮೆದುವಾ" ಎನ್ನುತ್ತಿದ್ದಳು ಸೆಲ್ವಿ. ಮೆಲ್ಲಗೆ, ಮೆಲ್ಲಗೆ.

ಧನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದಳು. ಸೆಲ್ವಿಗೆ ಕನ್ನಡ ತಿಳಿಯದು, ಸೌಂಡಪ್ಪನವರಿಗೆ ಇಂಗ್ಲಿಷ್ ಅಕ್ಷರ ತಿಳಿಯದು. ಅದಕ್ಕೇ ಓದುವ ಕೆಲಸ ನನ್ನ ಪಾಲಿಗೆ ಬಂತು. ಖುಷಿಯಿಂದ ಒಪ್ಪಿಕೊಂಡೆ. ಕನ್ನಡ ಬಲ್ಲವನು ಎಂದು ಯಾರಾದರೂ ನನ್ನನ್ನು ಕರೆದದ್ದು ಅದೇ ಮೊದಲು. ಅವರ ಕಿವಿಯ ಹತ್ತಿರ ಬಗ್ಗಿ, ಒಂದೊಂದೇ ಮಾತು ಬಿಡಿಸಿ ಓದುತ್ತಿದ್ದೆ. ಮಗು ಹುಟ್ಟಿದ್ದು, ಗಂಡು ಎಂದದ್ದು, ಮೂಗು ನಿನ್ನ ಹಾಗೇ ಇದೆ ಅಪ್ಪಾ ಎಂದದ್ದು, ಎಲ್ಲ ನನ್ನ ಬಾಯಿಂದಲೇ ಅವರು ಕೇಳಿದ್ದು. ಮೂಗಿನ ವಿಷಯ ಬಂದಾಗ ತಮ್ಮ ಮೂಗನ್ನು ಮುಟ್ಟಿ ನೋಡಿಕೊಂಡು, "ಪಾಪ, ಕೂಸಿನ ಅಣೆಬರ" ಎಂದರು. ಪ್ರತಿ ಸಲ ಓದಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ.

"ಪೂರಾ ಬಂತಾ ತಂಬಿ?"

"ಪೂರಾ ಬಂತು ಅಯ್ಯಾ."

ಆಮೇಲೇ ಎದ್ದು ಪಂಚೆ ಕೊಡವಿಕೊಳ್ಳುತ್ತಿದ್ದರು.

ಒಂದು ದಿನ ಬಂದ ಮೇಲ್ ಹೀಗಿತ್ತು. ಅದರ ಮಾತುಗಳು ನನಗೆ ಬಾಯಿಪಾಠ.

"ಅಪ್ಪಾ, ಅವರಿಗೆ ಮಸ್ಕತ್ತಲ್ಲಿ ಕೆಲ್ಸ ಆಗೈತೆ. ನಾವೂ ಓಗ್ತಾ ಇದೀವಿ. ಅದಕ್ಕೆ ಮುಂಚೆ ಅವರೂರಿಗೆ ಓಗೋ ದಾರೀಲಿ ಇಪ್ಪತ್ತಕ್ಕೆ ಓಮಲೂರು ಬಸ್ ಸ್ಟಾಂಡಲ್ಲಿ ಇಳೀತೀವಿ. ಸೇಲಂಗೆ ಬಂದ್ರೆ ದೊಡ್ಡಪ್ಪನೋರ ಕಡೆಯೋರು ನೋಡ್ತಾರೆ. ಬೆಳಿಗ್ಗೆಯಿಂದ ಮದ್ಯಾನದ ತನಕ ಇರ್ತೀವಿ. ಮನೆಗೆ ಕರೀಬೇಡ. ಪಾಪೂನ ಒಂದ್ಸಲ ಎತ್ಕೊಂಡ್ರೆ ಸಾಕು. ನೀನು ಬರ್ಲಿಲ್ಲ ಅಂದ್ರೆ ನಿಂಗೂ ನಾನು ಬೇಡ ಅಂತ ತಿಳ್ಕೊಂತೀನಿ. ಆಮೇಲೆ ತೊಂದ್ರೆ ಕೊಡಲ್ಲ."

ಓದಿ ಮುಗಿಸಿದೆ. ಸೌಂಡಪ್ಪನವರು ಪರದೆಯ ಹತ್ತಿರ ಬಗ್ಗಿದರು.

"ಪೂರಾ ಬಂತಾ ತಂಬಿ?"

"ಪೂರಾ ಬಂತು ಅಯ್ಯಾ."

"ಬರ್ತೀನಿ ಅಂತ ಆಕು. ಖಂಡಿತ ಬರ್ತೀನಿ ಅಂತ ಆಕು. ಅಣ್ಣ ಏನಾರ ಅನ್ಕೊಳ್ಳಿ ಲೇ, ನಾನು ಓಗ್ತೀನಿ!"

'ಖಂಡಿತ ಬರ್ತೀನಿ' ಎಂದು ಹಾಕಿದೆ. ಅಷ್ಟೇ ಹಾಕಿದೆ. 'ಇಪ್ಪತ್ತಕ್ಕೆ ಖಂಡಿತ ಬರ್ತೀನಿ' ಎಂದು ಹಾಕಬಹುದಿತ್ತು. ಇನ್ನೊಂದು ಪದ. ಧನ ಅದನ್ನು ನೋಡಿ, ಅಪ್ಪಾ ಇಪ್ಪತ್ತಲ್ಲ ಎಂದು ಕೂಡಲೇ ಬರೆಯುತ್ತಿದ್ದಳು. ಎಷ್ಟೋ ವರ್ಷ ಮಲಗುವ ಮುಂಚೆ ಆ ಒಂದು ಪದವನ್ನು ಮನಸ್ಸಿನಲ್ಲೇ ಟೈಪು ಮಾಡಿದ್ದೇನೆ.

ಇಪ್ಪತ್ತನೇ ತಾರೀಖು ಸೌಂಡಪ್ಪನವರು ನೂಲು ನೋಡಲು ಹೋಗುತ್ತೇನೆ ಎಂದು ಅಣ್ಣನಿಗೆ ಸುಳ್ಳು ಹೇಳಿ, ತಾವೇ ನೇಯ್ದ ಒಂದು ಚಿಕ್ಕ ಪಂಚೆಯನ್ನು ಮಗುವಿಗೆಂದು ಕಂಕುಳಲ್ಲಿ ಇಟ್ಟುಕೊಂಡು ಓಮಲೂರಿಗೆ ಹೋದರು. ಬೆಂಗಳೂರು ಕಡೆಯಿಂದ ಬಂದ ಪ್ರತಿ ಬಸ್ಸಿನ ಹತ್ತಿರವೂ ಓಡಿ ಕಿಟಕಿಗಳಲ್ಲಿ ನೋಡಿದರಂತೆ. ಯಾರನ್ನೋ ಹುಡುಕುತ್ತಿದ್ದಾರೆಂದು ಒಬ್ಬ ಕಂಡಕ್ಟರು ಕನಿಕರಪಟ್ಟು ಬಸ್ಸಿನೊಳಗೇ ಹತ್ತಿಸಿ ತೋರಿಸಿದನಂತೆ. ಮಧ್ಯಾಹ್ನ ಕಳೆಯಿತು. ಸಂಜೆಯೂ ಆಯಿತು.

ಮಾರನೇ ದಿನ ಮೆಟ್ಟಿಲು ಹತ್ತಿ ಬಂದಾಗ ಅವರ ದನಿ ಮೊದಲ ಸಲ ಮೆಲ್ಲಗಿತ್ತು.

"ಆ ಡಬ್ಬಾನ ಇನ್ಮೇಲೆ ತೆಗೀಬೇಡಮ್ಮ" ಎಂದರು ಸೆಲ್ವಿಗೆ. "ಅವಳಿಗೆ ನಾನು ಆಟದ ಸಾಮಾನು ಆಗೋದೆ."

"ಏನಾಯ್ತು ಅಂತ ಕೇಳಿ ಬರೆಯೋಣ ಅಯ್ಯಾ" ಎಂದೆ.

"ಬೇಡ. ಬರ್ತೀನಿ ಅಂದಿದ್ದು ನಾನು. ಬಂದಿದ್ದೂ ನಾನು. ಇನ್ನೇನೈತೆ ಕೇಳಾಕೆ?"

ಮರ್ಯಾದೆ ಇರುವವರ ಜೊತೆ ವಾದಿಸಬಾರದು ಎಂದು ನಾನು ಕೆಳಗಿಳಿದೆ. ಸೆಲ್ವಿ ಅವರ ಮೇಲ್ ಡಬ್ಬಿ ಮುಚ್ಚಿದಳು.

ಮುಂದಿನ ತಿಂಗಳ ಮೊದಲ ವಾರದಲ್ಲಿ ಸೆಲ್ವಿಗೆ ತಡೆಯಲಾಗಲಿಲ್ಲ. ಡಬ್ಬಿ ತೆರೆದಳು. ನನ್ನನ್ನು ಕೂಗಲಿಲ್ಲ, ಕೆಳಗೆ ಇಳಿದು ಬಂದು, ಬೆಸುಗೆ ಹಾಕುತ್ತಿದ್ದ ನನ್ನ ಎದುರು ನಿಂತಳು. "ಸಾರ್, ಒಂದು ಸಲ ಬನ್ನಿ."

ಮೇಲ್ ನಾಲ್ಕು ಸಾಲು. ಈ ಸಲ ಧನ ತಾರೀಖನ್ನು ಅಂಕಿಯಲ್ಲಿ ಬರೆದಿದ್ದಳು. ಎರಡು, ಪಕ್ಕದಲ್ಲಿ ಒಂಬತ್ತು. ಆ ದಿನ ಓಮಲೂರಿನಲ್ಲಿ ಬಿಸಿಲಲ್ಲಿ ನಿಂತಿದ್ದೆವು, ಪಾಪು ಅತ್ತಿತು, ಖಂಡಿತ ಬರ್ತೀನಿ ಅಂದವನು ನೀನು ಬರಲಿಲ್ಲ, ನಾಳೆ ವಿಮಾನ, ಇನ್ನು ಬರೆಯಲ್ಲ. ಮೇಲ್ ಬಂದು ಮೂರು ದಿನವಾಗಿತ್ತು.

"ಇರುಪದು ಅಂತ ತಾನೇ ನೀವು ಓದಿದ್ದು?" ಎಂದಳು ಸೆಲ್ವಿ. ಇಪ್ಪತ್ತು ಎಂದೇ ಅಲ್ಲವೇ?

ಹಳೆಯ ಮೇಲ್ ತೆರೆದೆವು. ಇಪ್ಪತ್ತಕ್ಕೆ ಎಂದೇ ಇತ್ತು. ನಾನು ತಪ್ಪು ಓದಿಲ್ಲ ಎಂದು ಒಂದು ಕ್ಷಣ ಎದೆ ಹಗುರಾಯಿತು. ಆ ಹಗುರವನ್ನು ನೆನೆದರೆ ಈಗಲೂ ನಾಚಿಕೆ. ಆಮೇಲೆ ಕಾವಲುಗಾರನ ನೆನಪಾಯಿತು. ಇಡೀ ಕಟ್ಟಡದಲ್ಲಿ ಕಾವಲು ಇಲ್ಲದ ಕಂಪ್ಯೂಟರು ಒಂದೇ, ಮುದಲಾಳಿಯ ಕೋಣೆಯದು. ತಮ್ಮ ಮಿಶಿನ್ನಿಗೆ ಅದು ಬೇಡ ಎಂದಿದ್ದರು. ಅಲ್ಲಿ ಹೋಗಿ ಅದೇ ಮೇಲ್ ತೆರೆದೆ.

ಇಪ್ಪತ್ತೊಂಬತ್ತಕ್ಕೆ.

ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಅದು ಇಪ್ಪತ್, ಒಂಬತ್, ಅಕ್ಕೆ. ನಡುವಿನದನ್ನು ಕಿತ್ತು ಎರಡು ತುದಿಗಳನ್ನು ಎಳೆದು ಸೇರಿಸಿದರೆ ಇಪ್ಪತ್ತಕ್ಕೆ. ಕಲೆ ಇಲ್ಲ, ಬಿರುಕಿಲ್ಲ. ನಾನು ಬಾಲ ಕತ್ತರಿಸದೆ ತಮಿಳಿನ ಪದವನ್ನು ಪೂರಾ ಹಾಕಿದ್ದರೆ ಕನ್ನಡದ 'ಇಪ್ಪತ್ತೊಂಬತ್ತಕ್ಕೆ' ಎಂಬುದಕ್ಕೆ ಏನೂ ಆಗುತ್ತ ಇರಲಿಲ್ಲ. ತಮಿಳರು ಯಾರಾದರೂ ಆ ಅಂಕಿಯನ್ನು 'ಇರುಪತ್ತಿ ಒಂಬದು' ಎಂದು ಬರೆದಿದ್ದರೆ ಒಂದು 'ಉ' ಅನಾಥವಾಗಿ ನಿಂತು ನಮ್ಮನ್ನು ಹಿಡಿದುಕೊಡುತ್ತಿತ್ತು. ಕನ್ನಡದಲ್ಲಿ ಮಾತ್ರ ಹುಣ್ಣು ಕಾಣದ ಹಾಗೆ ಕೂಡಿಕೊಳ್ಳುತ್ತದೆ. ಆ ಊರಿನಲ್ಲಿ ಅದನ್ನು ಊಹಿಸಬಹುದಾಗಿದ್ದ ಕಂಪ್ಯೂಟರಿನವನು ಬಹುಶಃ ನಾನೊಬ್ಬನೇ.

ಮುದಲಾಳಿ ಎರಡು ಪರದೆಗಳನ್ನೂ ನೋಡಿದರು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. "ನಕ್ಷತ್ರ ಅಂತ ನೀನೇ ಹೇಳಿದ್ದೆ, ಅಲ್ವಾಪ್ಪ" ಎಂದರು. "ಪೋ. ಪೋಯಿ ಸೊಲ್ಲು." ಹೋಗು, ಹೋಗಿ ಹೇಳು.

ಹೇಳುವುದು ಹೇಗೆ? ನೇಕಾರರ ಬೀದಿಯ ಆ ಮನೆಯಲ್ಲಿ ಸೌಂಡಪ್ಪನವರ ಮಗ್ಗದ ಪಕ್ಕದ ಮಗ್ಗದಲ್ಲೇ ಅಣ್ಣ ಕೂತಿದ್ದ. ಮೆಲ್ಲಗೆ ಹೇಳಿದರೆ ಇವರಿಗೆ ಕೇಳಿಸದು, ಗಟ್ಟಿಯಾಗಿ ಹೇಳಿದರೆ ಅವನಿಗೆ ಕೇಳಿಸುತ್ತದೆ. ಕೈಸನ್ನೆ ಮಾಡಿ ಹೊರಗೆ ಕರೆದೆ. ತಿರುವಿನ ಟೀ ಅಂಗಡಿಯ ಬೆಂಚಿನಲ್ಲಿ ಕೂರಿಸಿ ಹೇಳಿದೆ. ಎರಡು ಸಲ ಹೇಳಿದೆ. ಮೂರನೇ ಸಲ ಬೆರಳುಗಳಲ್ಲಿ ತೋರಿಸಿದೆ.

"ಏನು ತಿಂದಾಕ್ತು?"

"ಒಂಬತ್ತನ್ನ ಅಯ್ಯಾ."

"ಒಂಬತ್ತನ್ನಾ?" ಎಂದು ಸೌಂಡಪ್ಪನವರು ಅವರ ಎಂದಿನ ದನಿಯಲ್ಲಿ ಕೂಗಿದರು. "ನನ್ನ ಒಂಬತ್ತಾ?"

ಟೀ ಕುಡಿಯುತ್ತಿದ್ದ ಹುಡುಗರು ಕಿಸಕ್ಕನೆ ನಕ್ಕರು. ಒಬ್ಬ ಇನ್ನೊಬ್ಬನ ತೊಡೆಗೆ ಹೊಡೆದ. ಸೌಂಡಪ್ಪನವರಿಗೆ ಆ ನಗು ಕೇಳಿಸಲಿಲ್ಲ. ನನಗೆ ಕೇಳಿಸಿತು.

"ನೂಲು ಕಿತ್ರೆ ತೂತು ಕಾಣ್ತೈತೆ ತಂಬಿ" ಎಂದರು. "ಇದೇನು, ನೂಲೂ ಇಲ್ಲ, ತೂತೂ ಇಲ್ಲ?"

"ನನ್ನಿಂದ ಆದ ತಪ್ಪು ಅಯ್ಯಾ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅವಳು ಬಂದ್ಲಾ? ಕೂಸು ಎತ್ಕೊಂಡು ಬಂದ್ಲಾ ಅಂಗಾರೆ?" ಎಂದು ಕೇಳಿದರು. ಬಂದಳು ಎಂದೆ. "ಬಂದ್ಲು" ಎಂದು ತಮಗೆ ತಾವೇ ಹೇಳಿಕೊಂಡು, ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಮಗ್ಗಕ್ಕೆ ಹೋದರು.

ಆ ದಿನವೇ ಧನಳಿಗೆ ಎಲ್ಲವನ್ನೂ ಬರೆದೆ. ಮಿಶಿನ್ನು ಒಂಬತ್ತನ್ನು ನುಂಗಿತು, ನಿಮ್ಮ ಅಪ್ಪ ಇಪ್ಪತ್ತಕ್ಕೆ ಬಂದು ಸಂಜೆಯ ತನಕ ನಿಂತಿದ್ದರು ಎಂದು. ಬರೆದದ್ದನ್ನು ಓದಿ ನೋಡಿದಾಗ, ಅಪ್ಪನ ಪರವಾಗಿ ಯಾರೋ ಕಟ್ಟಿದ ಕೆಟ್ಟ ಸುಳ್ಳಿನ ಹಾಗೆ ನನಗೇ ಕಂಡಿತು. ಉತ್ತರ ಬರಲಿಲ್ಲ. ಮತ್ತೆ ಬರೆದೆವು. ಮುಟ್ಟಿತೋ ಇಲ್ಲವೋ, ಓದದೆ ಬಿಟ್ಟಳೋ, ಓದಿ ನಂಬಲಿಲ್ಲವೋ. ಕೆಲವು ತಿಂಗಳಾದ ಮೇಲೆ ನಾವು ಕಳಿಸಿದ್ದು, ಅಂಥ ವಿಳಾಸವೇ ಇಲ್ಲ ಎಂದು ವಾಪಸು ಬಂತು.

ಕಾವಲುಗಾರನ ಪಟ್ಟಿಯಿಂದ ಆ ಪದವನ್ನು ಆಗಲೇ ತೆಗೆದುಹಾಕಿದ್ದೆ, ನಕ್ಷತ್ರಗಳನ್ನೂ ಹಾಕಿದ್ದೆ. ಅದರಿಂದ ಯಾರಿಗೇನು? ಆಮೇಲೆ ಎಲ್ಲೇ ಕೆಲಸ ಮಾಡಲಿ, ಪುಟವನ್ನು ಮುಟ್ಟುವ ಏನೇ ಹಾಕಿದರೂ ಮುಟ್ಟಿದ ಗುರುತು ಕಾಣಲೇಬೇಕು ಎಂದು ಯಜಮಾನರುಗಳ ಜೊತೆ ಜಗಳ ಮಾಡಿದ್ದೇನೆ. ಗೊಣಗುವವನು ಎಂದು ಹೆಸರಾಯಿತು. ಫೋನಿನಲ್ಲಿ ತಾರೀಖು ಹೇಳುವಾಗ ಇಪ್ಪತ್ತೊಂಬತ್ತು, ಎರಡು, ಒಂಬತ್ತು ಎಂದು ಬಿಡಿಸಿ ಹೇಳುತ್ತೇನೆ, ಮಕ್ಕಳು ಅಣಕಿಸುತ್ತವೆ. ತಂಗಿಯ ಮಗಳೇ, ಸ್ಮೂತು ಎಂದೆಯಲ್ಲ, ಅದಕ್ಕೆ ನನ್ನ ಉತ್ತರ ಇಷ್ಟೇ: ತೆಗೆಯಲೇಬೇಕಾದರೆ ತೆಗಿ, ತೂತು ಮಾತ್ರ ಬಿಡು.

ಸೌಂಡಪ್ಪನವರ ಅಣ್ಣ ತೀರಿಹೋದ. ಬ್ರೌಸಿಂಗ್ ಸೆಂಟರುಗಳೂ ಒಂದೊಂದಾಗಿ ಮುಚ್ಚಿದವು. ಸೆಲ್ವಿ ಮದುವೆಯಾಗಿ ಈರೋಡಿನ ಕಡೆ ಹೋದಳು. ಹಳೆಯ ಗೆಳತಿಯರನ್ನು ಹುಡುಕಿಕೊಡುವ ವೆಬ್‌ಸೈಟುಗಳು ಬಂದಾಗ ಅವಳು ಬಿಡದೆ ಹುಡುಕಿ, ಧನಳನ್ನು ಮಸ್ಕತ್ತಿನಲ್ಲಿ ಹಿಡಿದಳು. ಎಲ್ಲ ಹೇಳಿದಳು. ಧನ ನಂಬಲಿಲ್ಲವಂತೆ. "ನೀನೇ ಬರೆದು, ನಡುವಿನದನ್ನು ಅಳಿಸಿ ನೋಡು" ಎಂದಳಂತೆ ಸೆಲ್ವಿ. ಆಮೇಲೆ ಒಂದೇ ಪ್ರಶ್ನೆ ಬಂತಂತೆ: "ಅಪ್ಪ ನಿಜವಾಗೂ ಸಂಜೆ ತನಕ ನಿಂತಿದ್ರಾ?"

ಅವಳು ರಜೆಗೆ ಬಂದಾಗ ಸೌಂಡಪ್ಪನವರು ನನಗೂ ಹೇಳಿ ಕಳಿಸಿದರು. ಹೋಗಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಹೆಂಡತಿ ದಬ್ಬಿದ್ದರಿಂದ ಹೋದೆ. ಮಗ್ಗ ನಿಂತು ಎಷ್ಟೋ ಕಾಲವಾಗಿತ್ತು. ಕಿವಿ ಈಗ ಪೂರಾ ಹೋಗುವ ಹಂತದಲ್ಲಿತ್ತು. ಧನ ನನ್ನನ್ನು ನೋಡಿ "ನೀವೇನಾ ಓದಿದ್ದು?" ಎಂದಳು. ಹೌದಮ್ಮ ಎಂದೆ. ಕಾಫಿ ತರಲು ಎದ್ದಳು.

ಮೊಮ್ಮಗ ಬಾಗಿಲಿಗೆ ಒರಗಿ ನಿಂತಿದ್ದ. ಮೂಗು ಹೌದು, ತಾತನದೇ. ತಾತ ನೇಯ್ದಿದ್ದ ಆ ಚಿಕ್ಕ ಪಂಚೆ ಬೆಂಚಿನ ಮೇಲಿತ್ತು. ಅದನ್ನು ಉಡುವ ವಯಸ್ಸು ದಾಟಿ ಎಷ್ಟೋ ಆಗಿತ್ತು. ಹುಡುಗನಿಗೆ ಮಲಯಾಳ ಬರುತ್ತದೆ, ಇಂಗ್ಲಿಷ್ ಬರುತ್ತದೆ, ಕನ್ನಡ ಒಂದು ಮಾತೂ ಬರದು. ತಾತ ಮೊಮ್ಮಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಕೂತಿದ್ದರು. ಕೊನೆಗೆ ಸೌಂಡಪ್ಪನವರು, "ಎಷ್ಟ್ ವರ್ಸ ಆಯ್ತಲಾ ನಿಂಗೆ?" ಎಂದು ಕೂಗಿದರು. ಹುಡುಗ ಬೆದರಿದ. ಒಳಗಿನಿಂದ ಧನ ಅದನ್ನೇ ಮಲಯಾಳದಲ್ಲಿ ಹೇಳಿದಳು.

"ಒಂಬದ್" ಎಂದ ಹುಡುಗ, ಮಲಯಾಳದಲ್ಲೇ.

ಒಳಗೆ ಪಾತ್ರೆಯ ಸದ್ದು ನಿಂತಿತು. ಸೌಂಡಪ್ಪನವರು ಕಿವಿಗೆ ಕೈ ಕೊಟ್ಟು ಹುಡುಗನ ತುಟಿಯನ್ನೇ ನೋಡುತ್ತಿದ್ದವರು, ನನ್ನ ಕಡೆ ತಿರುಗಿದರು.

"ಪೂರಾ ಬಂತಾ ತಂಬಿ?"

ಪೂರಾ ಬಂತು ಎಂದು ಈ ಸಲ ನಾನು ಹೇಳಲಿಲ್ಲ. ಹುಡುಗನನ್ನು ಹತ್ತಿರ ಕರೆದು, ತಾತನ ಕಿವಿಯ ಬಳಿ ನಿಲ್ಲಿಸಿ, ಇನ್ನೊಂದು ಸಲ ಅವನಿಂದಲೇ ಹೇಳಿಸಿದೆ.